ಮೂರು ಗೋಡೆಯಾಚೆಯ ಹಾಲು

ಹೊಟ್ಟೆಕಿಚ್ಚಿನಲ್ಲಿ ನನ್ನನ್ನು ಮೀರಿಸುವವರು ನಮ್ಮೂರಿನಲ್ಲಿ ಇದುವರೆಗೆ ಹುಟ್ಟಿಲ್ಲ, ಹುಟ್ಟುವ ಸೂಚನೆಯೂ ಕಾಣುತ್ತಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಜಂಬಕ್ಕೆ ಹೇಳುವುದಾದರೆ ಇದಕ್ಕಿಂತ ಚೆನ್ನಾಗಿ ಹೇಳಬಲ್ಲೆ. ಉಳಿದವರು ಹೊಟ್ಟೆಕಿಚ್ಚು ಪಟ್ಟರೆ ಪಕ್ಕದಲ್ಲಿರುವ ಹಾಲು ಒಡೆಯುತ್ತದೆ, ಅಷ್ಟೇ. ಒಂದು ಮಾರು ಆಚೆ ಇಟ್ಟ ಹಾಲಿಗೆ ಏನೂ ಆಗುವುದಿಲ್ಲ. ಆದರೆ ನನ್ನ ಷಡ್ಡಕ ಹೊಸ ಸ್ಕೂಟರು ತಂದನೆಂದು ನಾನು ಕೇಳಿದ ಬೆಳಿಗ್ಗೆ, ಎದುರು ಬೀದಿಯ ಎಮ್ಮೆಯ ಕೆಚ್ಚಲಲ್ಲೇ ಹಾಲು ಹೆಪ್ಪುಗಟ್ಟಿ, ಕರೆಯಲು ಕೂತವನ ಅಂಗೈಗೆ ಬೆಣ್ಣೆ ಇಳಿದಿತ್ತು. ಆ ಎಮ್ಮೆ ಈಗಲೂ ನನ್ನನ್ನು ಕಂಡರೆ ಬಾಲ ಮಡಚಿಕೊಳ್ಳುತ್ತದೆ. ನಂಬದವರು ಎಮ್ಮೆಯನ್ನೇ ಕೇಳಬಹುದು.

ಊರಿನವರು ಇದಕ್ಕೆಲ್ಲ ಎಂದೋ ಹೊಂದಿಕೊಂಡಿದ್ದಾರೆ. ಹಾಲಿನವರು ಬೀದಿ ಸುತ್ತಿ ಮುಗಿಸುವ ತನಕ ಹೊಸ ಸೀರೆ ಉಟ್ಟವರು ಹೊಸ್ತಿಲು ದಾಟುವುದಿಲ್ಲ. ಸ್ಕೂಲಿನ ಫಲಿತಾಂಶ ಬರುವ ದಿನ ಹೋಟೆಲುಗಳಲ್ಲಿ ಕರಿ ಕಾಫಿ ಬಿಟ್ಟು ಬೇರೇನೂ ಸಿಗುವುದಿಲ್ಲ. ಹೆಣ್ಣು ನೋಡಲು ಬಂದವರ ಕೈಗೆ ಹಾಲಿನ ಲೋಟ ಕೊಡುವ ಮುಂಚೆ ನಾದಿನಿಯರನ್ನು ಹಿತ್ತಲಿಗೆ ಕಳಿಸುತ್ತಾರೆ. ಮದುವೆ ಊಟಕ್ಕೆ ಪಾಯಸ ಮಾಡಿಸುವ ಧೈರ್ಯ ಯಾರಿಗೂ ಇಲ್ಲ. ಒಡೆದ ಹಾಲನ್ನು ಉಂಡೆ ಕಟ್ಟಿ ಪಾಕಕ್ಕೆ ಹಾಕಿದ ರಸಗುಲ್ಲವೇ ಗತಿ. ಮಿಠಾಯಿ ಅಂಗಡಿಯ ಬಲರಾಮ ಸಿಂಗರಂತೂ ಹಬ್ಬದ ಮುಂಚೆ ನನ್ನನ್ನು ಕರೆಸಿ, ಕಡಾಯಿಗಳ ಮುಂದೆ ಕುರ್ಚಿ ಹಾಕಿ ಕೂರಿಸಿ, "ಮಂಚಯ್ಯನೋರೆ, ನಿಮ್ಮ ಷಡ್ಡಕರು ಮನೆ ಮೇಲೆ ಮನೆ ಕಟ್ಟುಸ್ತಾವ್ರಂತಲ್ಲ" ಎನ್ನುತ್ತಾರೆ. ಅವರ ಬಾಯಿ ಮುಚ್ಚುವುದರೊಳಗೆ ಕಡಾಯಿಗಳ ಹಾಲೆಲ್ಲ ಒಡೆದಿರುತ್ತದೆ. ನಿಂಬೆಹುಳಿ ಹಿಂಡುವ ಕೆಲಸ ತಪ್ಪಿತೆಂದು ಅವರ ಹುಡುಗರು ನನಗೆ ಕೈ ಮುಗಿಯುತ್ತಾರೆ.

ನಾನು ಊರಿನ ದೊಡ್ಡಾಸ್ಪತ್ರೆಯಲ್ಲಿ ಫಾರ್ಮಸಿಸ್ಟ್. ನನ್ನ ಹೆಂಡತಿ ಇಂದ್ರಾಣಿಯೂ ಅಲ್ಲೇ ಫಾರ್ಮಸಿಸ್ಟ್. ಮೊದಲು ಇಬ್ಬರೂ ಒಂದೇ ಕೌಂಟರಿನ ಎರಡು ಕಿಂಡಿಗಳಲ್ಲಿ ಕೂತು ಮಾತ್ರೆ ಕೊಡುತ್ತಿದ್ದೆವು. ನನ್ನ ಕಿಂಡಿಯ ಸಾಲು ಗೇಟು ದಾಟಿ ಬಸ್ ನಿಲ್ದಾಣ ಮುಟ್ಟುತ್ತಿತ್ತು. ಅವಳದು ಮೆಟ್ಟಿಲಿನ ಹತ್ತಿರವೇ ಮುಗಿಯುತ್ತಿತ್ತು. ಇದರ ಅರ್ಥವೇನೆಂದು ಬುದ್ಧಿವಂತರಿಗೆ ಹೇಳಬೇಕಾಗಿಲ್ಲ. ಇಂದ್ರಾಣಿಯನ್ನು ಕೇಳಿದರೆ ಮಾತ್ರ, "ಅವರ ಕಿಂಡೀಲಿ ಮಾತ್ರೆಗಿಂತ ಮಾತು ಜಾಸ್ತಿ, ಸಾಲು ಎಲ್ಲಿ ಕರಗುತ್ತೆ" ಎನ್ನುತ್ತಾಳೆ.

ಹೊಟ್ಟೆಕಿಚ್ಚಿಗೆ ಯಾರೋ ಮದ್ದು ಕಂಡುಹಿಡಿದಿದ್ದಾರೆ, ಅದರ ಟ್ರಯಲ್ ನಮ್ಮ ಆಸ್ಪತ್ರೆಯಲ್ಲೇ ನಡೆಯುತ್ತದೆ ಎಂದು ಡಾಕ್ಟರ್ ಮೇಬಲಮ್ಮ ಒಂದು ದಿನ ನಮ್ಮನ್ನೆಲ್ಲ ಕೂರಿಸಿಕೊಂಡು ಹೇಳಿದರು. ಬೇರೆ ಊರುಗಳಲ್ಲಿ ಹೊಟ್ಟೆಕಿಚ್ಚನ್ನು ಅಳೆಯುವುದಾದರೂ ಹೇಗೆ? ನಮ್ಮೂರಿನಲ್ಲಾದರೆ ಒಂದು ಲೋಟ ಹಾಲು ಸಾಕು. ಮದ್ದು ಕುಡಿಯಲು ಒಪ್ಪಿದವರು ಪ್ರತಿ ಗುರುವಾರ ವಾರ್ಡಿಗೆ ಬರಬೇಕು, ಸ್ಟೂಲಿನ ಮೇಲೆ ಕೂರಬೇಕು, ಎದುರಿಗೆ ಬಿಸಿ ಹಾಲಿನ ಲೋಟ ಇಡುತ್ತಾರೆ. ಆಮೇಲೆ ನರ್ಸು ಅವರವರ ನೋವಿನ ಜಾಗವನ್ನು ಮುಟ್ಟಿ ಮಾತಾಡುತ್ತಾಳೆ. ಒಬ್ಬನಿಗೆ ಅಣ್ಣನ ತೋಟ, ಇನ್ನೊಬ್ಬಳಿಗೆ ಓರಗಿತ್ತಿಯ ಬಳೆ. ಹಾಲು ಒಡೆದರೆ ಹೊಟ್ಟೆಕಿಚ್ಚು ಇದೆ, ನಿಂತರೆ ಇಲ್ಲ. ಬಂದವರಲ್ಲಿ ಅರ್ಧ ಜನರಿಗೆ ನಿಜವಾದ ಮದ್ದು, ಅರ್ಧ ಜನರಿಗೆ ಅದೇ ಬಣ್ಣದ, ಅಷ್ಟೇ ಕಹಿಯಾದ, ಆದರೆ ಯಾವ ಗುಣವೂ ಇಲ್ಲದ ಸಪ್ಪೆ ಮದ್ದು. ಯಾರಿಗೆ ಯಾವುದು ಎಂಬುದು ಕುಡಿಯುವವರಿಗೂ ತಿಳಿಯಬಾರದು, ನರ್ಸಿಗೂ ತಿಳಿಯಬಾರದು, ಡಾಕ್ಟರಿಗೂ ತಿಳಿಯಬಾರದು. ಇಡೀ ಆಸ್ಪತ್ರೆಯಲ್ಲಿ ಒಬ್ಬರಿಗೆ ಮಾತ್ರ ಗೊತ್ತಿರಬೇಕು. ಅದು ಟ್ರಯಲ್ ಫಾರ್ಮಸಿಸ್ಟ್.

ಆ ಒಬ್ಬರು ನಾನೇ ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದೆ. ಕ್ಷೌರದಂಗಡಿಯಲ್ಲಿ ಎರಡೆರಡು ಸಲ ಹೇಳಿದ್ದೆ. ಮೇಬಲಮ್ಮ ಕನ್ನಡಕ ಸರಿಮಾಡಿಕೊಂಡು, "ಇಂದ್ರಾಣಿ ಟ್ರಯಲ್ ರೂಮ್ ನೋಡ್ಕೊತಾರೆ. ಮಂಚಯ್ಯ ಅವರಿಗೆ ಬದಲಿ" ಎಂದರು.

ಬದಲಿ ಎಂದರೆ ಏನು ಗೊತ್ತೇ? ಅವಳ ಜೊತೆಗೇ ಕೂತು ಟ್ರೇನಿಂಗ್ ಪಡೆಯಬೇಕು, ಅವಳಷ್ಟೇ ಕಲಿಯಬೇಕು, ಆಮೇಲೆ ಅವಳಿಗೆ ಜ್ವರ ಬರಲೆಂದು ಕಾಯುತ್ತ ಕೌಂಟರಿನಲ್ಲಿ ಕೂರಬೇಕು. ಅವತ್ತು ಆಸ್ಪತ್ರೆಯ ಕ್ಯಾಂಟೀನಿನ ಹಾಲೆಲ್ಲ ಒಡೆದು, ಅಡುಗೆಯವನು ಸಂಜೆವರೆಗೂ ಪನೀರ್ ಪಲ್ಯ ಬಡಿಸಿದ.

ಟ್ರಯಲ್ ರೂಮು ಅಂಗಳದ ಆ ಕಡೆ, ವಾರ್ಡಿಗೆ ಅಂಟಿಕೊಂಡಿತ್ತು. ನನ್ನ ಕೌಂಟರಿಗೂ ಅದಕ್ಕೂ ನಡುವೆ ಮೂರು ಗೋಡೆ. ಅದರ ಕೀಲಿ ಇಂದ್ರಾಣಿಯ ಕೊರಳಲ್ಲಿ, ತಾಳಿಸರದ ಪಕ್ಕದಲ್ಲಿ ಒಂದು ಕಪ್ಪು ದಾರಕ್ಕೆ ನೇತಾಡುತ್ತಿತ್ತು. ಒಳಗೆ ಒಂದು ಫ್ರಿಜ್ಜು, ಅದಕ್ಕೊಂದು ಥರ್ಮಾಮೀಟರು. ಬೆಳಿಗ್ಗೆ ಬಂದ ಕೂಡಲೇ ಅವಳು ಅದರ ಮುಖ ನೋಡಬೇಕು, ಮನೆಗೆ ಹೊರಡುವಾಗಲೂ ನೋಡಬೇಕು. ಅಷ್ಟು ಹೊತ್ತು ಅವಳು ನನ್ನ ಮುಖ ನೋಡಿದ್ದರೆ ನಾನು ಇನ್ನೂ ಚೆಂದ ಕಾಣುತ್ತಿದ್ದೆ. ಒಮ್ಮೆ ಕರೆಂಟು ಹೋಗಿ ಫ್ರಿಜ್ಜು ಸ್ವಲ್ಪ ಬೆಚ್ಚಗಾಯಿತೆಂದು ಒಂದಿಡೀ ಪೆಟ್ಟಿಗೆ ಮದ್ದನ್ನು ಬೇರೆಯಿಟ್ಟು ಕೆಂಪು ಚೀಟಿ ಅಂಟಿಸಿದಳು. "ನೋಡೋಕೆ ಚೆನ್ನಾಗೇ ಇದೆಯಲ್ಲೇ" ಎಂದೆ. "ನೀವೂ ನೋಡೋಕೆ ಚೆನ್ನಾಗೇ ಇದ್ದೀರ" ಎಂದಳು.

ಗುರುವಾರ ಬಂತೆಂದರೆ ಅವಳ ಸವಾರಿ. ಪ್ರತಿಯೊಬ್ಬರಿಗೂ ಬೇರೆ ಬೇರೆ ಸೀಸೆಯಲ್ಲಿ ಪುಡಿ ಕಲಸಿ, ಕಂದು ಗಾಜಿನ ಪುಟ್ಟ ಬಾಟಲಿಗೆ ಬಗ್ಗಿಸಿ, ಮೇಲೆ ನಂಬರು ಮಾತ್ರ ಅಂಟಿಸಿ, ಸ್ಟೀಲಿನ ಟ್ರೇಯಲ್ಲಿ ಇಟ್ಟುಕೊಂಡು ಅಂಗಳ ದಾಟುತ್ತಿದ್ದಳು. ವಾಚ್‌ಮನ್ ಎದ್ದು ನಿಲ್ಲುತ್ತಿದ್ದ. ಸೂಪರಿಂಟೆಂಡೆಂಟ್ ಸಾಹೇಬರು ಫೋನು ಕೆಳಗಿಡುತ್ತಿದ್ದರು. ಆಸ್ಪತ್ರೆಯ ಬೇವಿನ ಮರದ ಕಾಗೆಗಳೂ ಒಂದು ಕ್ಷಣ ಸುಮ್ಮನಾಗುತ್ತಿದ್ದವು. ಇದನ್ನು ಕಣ್ಣಾರೆ ಕಂಡಿದ್ದೇನೆ. ನಾನು ಕಿಂಡಿಯ ಸರಳಿನ ಹಿಂದೆ ಕೂತು ಕೆಮ್ಮಿನ ಸಿರಪ್ಪು ಅಳೆಯುತ್ತಿದ್ದೆ.

ಮನೆಯಲ್ಲಿ ಹಾಲು ನಿಲ್ಲುವುದು ಅಂದಿನಿಂದಲೇ ತಪ್ಪಿತು. ಅವಳು ಬೆಳಿಗ್ಗೆ ಕೀಲಿಯನ್ನು ಕೊರಳಿಗೆ ಹಾಕಿಕೊಳ್ಳುವುದಕ್ಕೂ ಒಲೆಯ ಮೇಲೆ ಹಾಲು ಟಪ್ಪೆಂದು ಒಡೆಯುವುದಕ್ಕೂ ಸರಿಹೋಗುತ್ತಿತ್ತು. ಅವಳು ಪಾತ್ರೆ ಇಳಿಸಿ ಕರಿ ಕಾಫಿಗೆ ನೀರಿಡುತ್ತಿದ್ದಳು.

"ಪಕ್ಕದ ಮನೆಯವರು ಸೋಫಾ ತಂದ್ರು, ಅದಕ್ಕೇ" ಎನ್ನುತ್ತಿದ್ದೆ ನಾನು.

"ಹೂಂ. ದಿನಾ ತರ್ತಾವ್ರೆ ಪಾಪ" ಎನ್ನುತ್ತಿದ್ದಳು ಅವಳು.

ಸೋಫಾ ಅಲ್ಲ, ಕೀಲಿಯೂ ಅಲ್ಲ. ಅವಳಿಗೆ ಗೊತ್ತಿದ್ದದ್ದು ನನಗೆ ಗೊತ್ತಿಲ್ಲ ಎಂಬುದೇ ನನ್ನನ್ನು ಸುಡುತ್ತಿತ್ತು. ಹದಿನಾರು ವರ್ಷ ಒಂದೇ ಚಾಪೆ, ಒಂದೇ ಸಾರು. ಈಗ ಅವಳ ತಲೆಯಲ್ಲಿ ನನಗೆ ಬಾಗಿಲಿಲ್ಲದ ಒಂದು ಕೋಣೆ ಎದ್ದಿತ್ತು. ಪಲ್ಯ ಹೆಚ್ಚುವಾಗ ಅಡ್ಡಮಾತಿನಲ್ಲಿ ಕೇಳಿದೆ, ಸಿನಿಮಾ ನೋಡುವಾಗ ಕೇಳಿದೆ, ಕಾಲೊತ್ತುತ್ತ ಕೇಳಿದೆ. "ಸೋಡಾ ಫ್ಯಾಕ್ಟರಿಯವನಿಗೆ ನಿಜದ್ದಾ ಸಪ್ಪೆಯಾ, ಅದೊಂದು ಹೇಳು." ಅವಳು "ಇನ್ನೂ ಸ್ವಲ್ಪ ಕೆಳಗೆ ಒತ್ತಿ" ಎಂದಳು.

ಟ್ರಯಲ್ಲಿಗೆ ಬರುತ್ತಿದ್ದವರಲ್ಲಿ ಹಾಲಿನ ದುಂಡಮ್ಮ ನಮಗೆ ಹಳೆಯ ಪರಿಚಯ. ಅವಳೂ ಅವಳ ತಂಗಿಯೂ ಇಬ್ಬರೂ ಹಾಲಿನವರೇ, ಇಬ್ಬರ ಕೊಟ್ಟಿಗೆಗೂ ಒಂದೇ ಗೋಡೆ. ತಂಗಿಯ ಎಮ್ಮೆ ಹೆಣ್ಣುಗರು ಹಾಕಿದಾಗಲೆಲ್ಲ, ತಂಗಿಯ ಕ್ಯಾನು ತುಂಬಿದಾಗಲೆಲ್ಲ ದುಂಡಮ್ಮನ ಕ್ಯಾನಿನೊಳಗೆ ಹಾಲು ಒಡೆಯುತ್ತಿತ್ತು. ಬೇರೆಯವರ ಹೊಟ್ಟೆಕಿಚ್ಚು ಬೇರೆಯವರ ಹಾಲು ಕೆಡಿಸಿದರೆ ಇವಳದು ಇವಳ ಅನ್ನವನ್ನೇ ಕೆಡಿಸಿತು. ದಿನವೂ ಹಾಲು ಹಾಕಿಸಿಕೊಳ್ಳುತ್ತಿದ್ದ ವರ್ತನೆಯ ಮನೆಗಳೆಲ್ಲ ಕೈಬಿಟ್ಟು ತಂಗಿಯ ಕಡೆ ಹೋದವು. ಅದರಿಂದ ಹೊಟ್ಟೆಕಿಚ್ಚು ಇನ್ನಷ್ಟಾಯಿತು. ಒಂದೊಂದೇ ಎಮ್ಮೆ ಮಾರಿ ಕೊನೆಗೆ ಒಂದು ಉಳಿದಿತ್ತು. "ಈ ಮದ್ದು ಹಿಡಿದ್ರೆ ಅದನ್ನ ಮಡೀಕತೀನಿ, ಇಲ್ದಿದ್ರೆ ಅದೂ ಸಂತೆಗೆ" ಎಂದು ನನ್ನ ಕಿಂಡಿಯ ಹತ್ತಿರ ನಿಂತು ಹೇಳಿದ್ದಳು. ಟ್ರಯಲ್ ಗೆದ್ದರೆ ಕೊನೆಯಲ್ಲಿ ಎಲ್ಲರಿಗೂ ನಿಜವಾದ ಮದ್ದು ಸಿಗುತ್ತದೆಂದು ಮೇಬಲಮ್ಮ ಮಾತು ಕೊಟ್ಟಿದ್ದರು. ಸೋತರೆ ಕಂಪನಿಯವರು ಪೆಟ್ಟಿಗೆ ಕಟ್ಟಿಕೊಂಡು ಹೋಗುತ್ತಾರೆ.

ಟ್ರಯಲ್ ಸೋಲುತ್ತಿತ್ತು. ಗುರುವಾರ ಗುರುವಾರ ವಾರ್ಡಿನಲ್ಲಿ ಇಟ್ಟ ಲೋಟಗಳ ಹಾಲೆಲ್ಲ ಒಂದೂ ಬಿಡದಂತೆ ಒಡೆಯುತ್ತಿತ್ತು. ನಡುವೆ ಒಂದೇ ಒಂದು ಗುರುವಾರ ಅರ್ಧದಷ್ಟು ಲೋಟಗಳು ಗಟ್ಟಿಯಾಗಿ ನಿಂತವಂತೆ. ಅವತ್ತು ನಾನು ಆಸ್ಪತ್ರೆಯಲ್ಲಿರಲಿಲ್ಲ. ದವಡೆ ಹಲ್ಲು ಕೀಳಿಸಿಕೊಳ್ಳಲು ಊರಾಚೆಯ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ. ಆ ಹಲ್ಲಿಗೆ ಆನೆಯ ದಂತದಷ್ಟು ಬೇರಿತ್ತು, ಅದು ಬೇರೆ ಕಥೆ. ಮರುವಾರ ಎಲ್ಲ ಲೋಟಗಳೂ ಮತ್ತೆ ಒಡೆದವು. ಆ ಒಂದು ವಾರದ್ದು ಏನೋ ಆಕಸ್ಮಿಕ ಎಂದು ಮೇಬಲಮ್ಮ ತಲೆ ಕೊಡವಿದರು.

ಇಂಥ ಅವಕಾಶವನ್ನು ನಾನು ಬಿಡುವವನಲ್ಲ. ಕ್ಯಾಂಟೀನಿನಲ್ಲಿ ಎಲ್ಲರ ಮುಂದೆ, "ಆ ಲೋಟಗಳನ್ನೆಲ್ಲ ಒಡೀತಿರೋನು ನಾನೇ ಕಣ್ರಪ್ಪ, ಕೌಂಟರಲ್ಲಿ ಕೂತ್ಕೊಂಡೇ, ಮೂರು ಗೋಡೆಯಾಚೆಯಿಂದ" ಎಂದೆ.

ವಾಚ್‌ಮನ್, "ಗೋಡೆ ಬಿರುಕು ಬಿಟ್ಟಿದ್ದೂ ನಿಮ್ಮಿಂದಲೇನಾ ಸ್ವಾಮಿ" ಎಂದ. ಮೇಬಲಮ್ಮನೂ ನಕ್ಕು, "ಒಂದು ಮಾರಿನಾಚೆ ಯಾರದ್ದೂ ತಟ್ಟಲ್ಲ ಮಂಚಯ್ಯ, ನಿಮ್ಮದು ಬಾಯಿ ಮಾತ್ರ ತಟ್ಟುತ್ತೆ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ನಾನು ಹೇಳಿದ್ದನ್ನೆಲ್ಲ ನಾನೇ ನಂಬುವಷ್ಟು ದಡ್ಡನಲ್ಲ. ಇಂದ್ರಾಣಿ ಮಾತ್ರ ನಗಲಿಲ್ಲ. ಕರಿ ಕಾಫಿಯ ಲೋಟವನ್ನು ತುಟಿಯ ಹತ್ತಿರವೇ ಹಿಡಿದುಕೊಂಡು ನನ್ನನ್ನು ನೋಡುತ್ತ ಕೂತಿದ್ದಳು.

ಅವತ್ತು ಸಂಜೆ ಬಟ್ಟೆ ಒಣಹಾಕುತ್ತ, "ರೀ, ಇನ್ಮೇಲೆ ಗುರುವಾರ ಗುರುವಾರ ರಜಾ ಹಾಕಿ" ಎಂದಳು.

"ಯಾಕೆ?"

"ಯಾಕೆ ಅಂತ ಕೇಳ್ಬೇಡಿ. ಹಾಕಿ."

"ಓಹೋ, ನಿನ್ನ ಮೆರವಣಿಗೆಗೆ ನಾನು ಅಡ್ಡ ಬರ್ತೀನಾ?"

"ನಾನು ಹಂಗಂದ್ನಾ?"

"ಮತ್ತೆ ಕಾರಣ ಹೇಳು."

"ಹೇಳೋ ಹಾಗಿದ್ದಿದ್ರೆ ಇಷ್ಟೊತ್ತಿಗೆ ಹೇಳ್ತಿರ್ಲಿಲ್ವಾ" ಎಂದು ಒದ್ದೆ ಲುಂಗಿಯನ್ನು ನನ್ನ ಮುಖಕ್ಕೇ ಬೀಸಿ ಕೊಡವಿದಳು. ಹೇಳುವ ಹಾಗಿಲ್ಲ ಎಂಬ ಆ ಮಾತನ್ನು ಕೇಳಿದರೆ ನನಗೆ ಮೈಯೆಲ್ಲ ಮೆಣಸಿನಪುಡಿ. ರಜಾ ಹಾಕಲಿಲ್ಲ. ಮರುದಿನವೇ ಹೋಗಿ ಗುರುವಾರಗಳಲ್ಲಿ ಮಧ್ಯಾಹ್ನದ ಊಟದ ಬಿಡುವೂ ನನಗೆ ಬೇಡ ಎಂದು ಬರೆದುಕೊಟ್ಟು ಬಂದೆ. ನಾನು ಹಟಕ್ಕೆ ಬಿದ್ದರೆ ಬೆಟ್ಟ ಪಕ್ಕಕ್ಕೆ ಸರಿದು ದಾರಿ ಬಿಡುತ್ತದೆ.

ಮುಂದಿನ ಗುರುವಾರವೂ ಲೋಟಗಳೆಲ್ಲ ಒಡೆದವು. ಮೇಬಲಮ್ಮ ಎಲ್ಲರನ್ನೂ ಕೂರಿಸಿ, "ಇನ್ನೊಂದೇ ಗುರುವಾರ ನೋಡ್ತೀವಿ. ಅವತ್ತೂ ಹೀಗೇ ಆದ್ರೆ ಈ ಮದ್ದು ಕೆಲಸ ಮಾಡಲ್ಲ ಅಂತ ಬರೆದು ಮುಗಿಸ್ತೀವಿ" ಎಂದರು. ದುಂಡಮ್ಮ ಸೆರಗನ್ನು ಬಾಯಿಗಿಟ್ಟುಕೊಂಡು ಹೊರಗೆ ಹೋದಳು. ಇಂದ್ರಾಣಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಸತ್ಯ ಹೇಳಬೇಕೆಂದರೆ ನನಗೆ ಒಳಗೊಳಗೇ ಸ್ವಲ್ಪ ತಂಪಾಯಿತು. ಟ್ರಯಲ್ ಮುಗಿದರೆ ಕೀಲಿಯೂ ಹೋಗುತ್ತದೆ, ಅವಳು ಮತ್ತೆ ನನ್ನ ಪಕ್ಕದ ಕಿಂಡಿಗೆ ಬರುತ್ತಾಳೆ. ಆದರೆ ದುಂಡಮ್ಮನ ಎಮ್ಮೆ ನೆನಪಾದಾಗ ಆ ತಂಪು ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ.

ಆ ಗುರುವಾರ ಬೆಳಿಗ್ಗೆ ಎದ್ದು ನೋಡಿದರೆ ಇಂದ್ರಾಣಿ ತಲೆಯಿಂದ ಗದ್ದಕ್ಕೆ ಟವೆಲು ಕಟ್ಟಿಕೊಂಡು ಕೂತಿದ್ದಾಳೆ. ಎರಡೂ ಕೆನ್ನೆ ಊದಿ ಪೂರಿಯಾಗಿವೆ.

"ಮಂಗನಬಾವು" ಎಂದಳು, ಹಲ್ಲು ಬಿಡಿಸದೆ.

"ಈ ವಯಸ್ಸಲ್ಲಾ?"

"ವಯಸ್ಸು ಕೇಳ್ಕೊಂಡು ಬರುತ್ತಾ ಅದು? ವಾರ್ಡಿಗೆ ಹೋದ್ರೆ ಎಲ್ರಿಗೂ ಅಂಟುತ್ತೆ. ಮೇಬಲಮ್ಮನಿಗೆ ಫೋನ್ ಮಾಡಿದ್ದೀನಿ." ಕೊರಳಿನ ದಾರ ಬಿಚ್ಚಿ ಕೀಲಿಯನ್ನು ನನ್ನ ಅಂಗೈಗೆ ಹಾಕಿದಳು. "ಮೊದಲು ಥರ್ಮಾಮೀಟರ್ ನೋಡಿ. ನಂಬರು ಎರಡು ಸಲ ಓದಿ. ಬಾಯಿ ಮುಚ್ಕೊಂಡಿರಿ."

ಇಪ್ಪತ್ತು ವರ್ಷ ಔಷಧಿ ಕೊಟ್ಟವನು ನಾನು. ಊದಿದ ಕೆನ್ನೆಯನ್ನು ಬೆರಳಲ್ಲಿ ಒತ್ತಿ ನೋಡಬೇಕಿತ್ತು. ಒತ್ತಲಿಲ್ಲ. ಕೀಲಿ ಕೈಗೆ ಬಂದಿತ್ತು. ಅವತ್ತು ನಾನು ಆಸ್ಪತ್ರೆಗೆ ನಡೆದುಕೊಂಡು ಹೋದೆನೋ ಹಾರಿಕೊಂಡು ಹೋದೆನೋ ದಾರಿಯ ಜನ ಇನ್ನೂ ಚರ್ಚೆ ಮಾಡುತ್ತಾರೆ.

ಟ್ರಯಲ್ ರೂಮಿನ ಬಾಗಿಲು ತೆರೆದು ಒಳಗಿನಿಂದ ಚಿಲಕ ಹಾಕಿಕೊಂಡೆ. ಥರ್ಮಾಮೀಟರು ನೋಡಿದೆ. ಕೈ ತೊಳೆದೆ. ಯಾರಿಗೆ ಯಾವುದು ಎಂದಿದ್ದ ಹಾಳೆಯನ್ನು ಮುಂದೆ ಹರಡಿಕೊಂಡೆ. ಇಷ್ಟು ತಿಂಗಳು ನನ್ನನ್ನು ಸುಟ್ಟ ಗುಟ್ಟು ಅಂಗೈಯಗಲದ ಕಾಗದದ ಮೇಲೆ ಬಿದ್ದುಕೊಂಡಿತ್ತು. ಸೋಡಾ ಫ್ಯಾಕ್ಟರಿಯವನಿಗೆ ನಿಜದ್ದು. ಅಯ್ಯೋ, ಅಷ್ಟೇನಾ ಅನ್ನಿಸಿತು. ಬೆರಳನ್ನು ಕೆಳಗೆ ಇಳಿಸುತ್ತ ಬಂದೆ. ದುಂಡಮ್ಮನ ನಂಬರಿನ ಎದುರು ಸಪ್ಪೆ.

ನಂಬರನ್ನು ಎರಡು ಸಲ ಓದು ಎಂದಿದ್ದಳು ಇಂದ್ರಾಣಿ. ನಾನು ಅದೊಂದನ್ನು ಬಹಳ ಸಲ ಓದಿದೆ. ಸಪ್ಪೆಯೇ. ಮೊದಲ ವಾರದಿಂದ ದುಂಡಮ್ಮ ಕಣ್ಣು ಮುಚ್ಚಿ, ದೇವರ ಹೆಸರು ಹೇಳಿ, ಮುಖ ಹಿಂಡಿಕೊಂಡು ಕುಡಿದದ್ದೆಲ್ಲ ಕಹಿ ನೀರು. ನಿಜದ ಸೀಸೆ ನನ್ನ ಮೊಣಕೈಯಿಂದ ಗೇಣು ದೂರದಲ್ಲಿತ್ತು. ಎರಡನ್ನೂ ಕಲಸಿದರೆ ಒಂದೇ ಬಣ್ಣ, ಒಂದೇ ವಾಸನೆ. ಬದಲಾಯಿಸಿ ಕೊಟ್ಟರೆ ಬ್ರಹ್ಮನಿಗೂ ತಿಳಿಯುವುದಿಲ್ಲ. ಕೈ ಅತ್ತ ಹೋಯಿತು. ಹೋದ ಕೈಯನ್ನು ಹಿಂದೆ ತಂದೆ. ಅವಳಿಗೊಬ್ಬಳಿಗೆ ಇವತ್ತು ಕದ್ದು ಕೊಟ್ಟರೆ ಎಲ್ಲರ ಲೆಕ್ಕವೂ ಕೆಟ್ಟು, ಯಾರಿಗೂ ಯಾವತ್ತೂ ಸಿಗದೆ ಹೋಗಬಹುದು. ಇಷ್ಟು ಸರಳ ವಿಷಯವನ್ನು ಇಂದ್ರಾಣಿ ವಾರ ವಾರವೂ ಈ ಕುರ್ಚಿಯಲ್ಲಿ ಒಬ್ಬಳೇ ಕೂತು ತನಗೆ ತಾನೇ ಹೇಳಿಕೊಂಡಿದ್ದಳು. ಆಮೇಲೆ ಮನೆಗೆ ಬಂದು, ನನ್ನ ಕೈಲಿ ಕಾಲೊತ್ತಿಸಿಕೊಂಡು, ನನ್ನ ಪ್ರಶ್ನೆಗಳನ್ನು ಕೇಳಿಸಿಕೊಂಡಿದ್ದಳು. ಬೇರೆ ಯಾರೇ ಆಗಿದ್ದರೂ ಅಲ್ಲಿ ಅತ್ತುಬಿಡುತ್ತಿದ್ದರು. ನಾನು ಅಳಲಿಲ್ಲ, ಪುಡಿ ಕಣ್ಣಿಗೆ ಹಾರಿತ್ತು.

ಟ್ರೇ ಹಿಡಿದು ಅಂಗಳ ದಾಟಿದೆ. ವಾಚ್‌ಮನ್ ಎದ್ದನೋ ಇಲ್ಲವೋ ನೋಡಲು ನೆನಪಾಗಲಿಲ್ಲ. ವಾರ್ಡಿನ ಕಿಟಕಿಯ ಬಳಿ ಒಬ್ಬೊಬ್ಬರಿಗೂ ನಂಬರು ಕೇಳಿ, ಓದಿ, ಬಾಟಲಿ ಕೊಟ್ಟೆ. ಸೋಡಾ ಫ್ಯಾಕ್ಟರಿಯವನು ಕಣ್ಣು ಹೊಡೆದು, "ಏನ್ ಮಂಚಯ್ಯ, ಇವತ್ತು ಗುಟ್ಟೆಲ್ಲ ನಿನ್ನ ಹೊಟ್ಟೇಲಿ. ಸಂಜೆ ಸಿಗು" ಎಂದ. ಗುಟ್ಟು ಸಿಕ್ಕಿದ್ದು ನನ್ನಂಥವನಿಗೆ, ಅದನ್ನು ಹೇಳಬಾರದು ಎಂದರೆ ಹಸಿದ ಹುಲಿಯ ಬಾಯಿಗೆ ಮೇಕೆ ಇಟ್ಟು ಜಪ ಮಾಡು ಎಂದ ಹಾಗೆ. ನಾಲಿಗೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದೆ. ಕೊನೆಗೆ ದುಂಡಮ್ಮ ಬಂದಳು.

"ಇವತ್ತು ನೀನಾ ಮಂಚಣ್ಣ? ನಿನ್ನ ಕೈಗುಣ ವಳ್ಳೇದು." ಬಾಟಲಿಯನ್ನು ಎರಡು ಕಣ್ಣಿಗೂ ಒತ್ತಿಕೊಂಡಳು. ಆಮೇಲೆ ದನಿ ತಗ್ಗಿಸಿ, "ನಂದು ನಿಜದ್ದೇ ಅಲ್ವಾ? ತಲೆ ಆಡ್ಸು ಸಾಕು, ಬಾಯ್ಬಿಟ್ಟು ಹೇಳ್ಬ್ಯಾಡ" ಎಂದಳು.

ನಾನು ಬದುಕಿನಲ್ಲಿ ಗೊತ್ತಿಲ್ಲದ್ದನ್ನೆಲ್ಲ ಗೊತ್ತು ಎಂದು ಹೇಳಿದವನು. ಗೊತ್ತಿರುವುದನ್ನು ಗೊತ್ತಿಲ್ಲ ಎಂದದ್ದು ಅದೇ ಮೊದಲು. "ನಂಗೆ ಗೊತ್ತಿಲ್ಲ ದುಂಡಕ್ಕ" ಎಂದೆ. ಕತ್ತನ್ನು ಕಂಬದ ಹಾಗೆ ಹಿಡಿದಿದ್ದೆ. ಅವಳು ನನ್ನ ಮುಖವನ್ನೇ ನೋಡಿ, ಗಟಗಟನೆ ಕುಡಿದು, ಖಾಲಿ ಬಾಟಲಿಯನ್ನು ವಾಪಸು ಕೊಟ್ಟಳು.

ಆಮೇಲೆ ಲೋಟಗಳನ್ನಿಟ್ಟರು. ಸೋಡಾ ಫ್ಯಾಕ್ಟರಿಯವನ ಮುಂದೆ ನರ್ಸು ಅವನ ಅಣ್ಣನ ಹೊಸ ಲಾರಿಯನ್ನು ಹಾಡಿ ಹೊಗಳಿದಳು. ಹಾಲು ನಿಂತಿತು. ಅವನೇ ಬೆರಗಾಗಿ ಲೋಟದೊಳಗೆ ಬಗ್ಗಿ ನೋಡಿದ. ಪಕ್ಕದವಳದು ಒಡೆಯಿತು. ಅದರಾಚೆಯದು ನಿಂತಿತು. ನನಗೆ ಕಾಗದ ಗೊತ್ತಿತ್ತಲ್ಲ, ಲೋಟ ಇಡುವ ಮುಂಚೆಯೇ ಯಾವುದು ನಿಲ್ಲಬೇಕು, ಯಾವುದು ಒಡೆಯಬೇಕು ಎಂದು ಮನಸ್ಸಿನಲ್ಲಿ ಹೇಳಿಕೊಳ್ಳುತ್ತ ಬಂದೆ. ಒಂದೂ ತಪ್ಪಲಿಲ್ಲ. ದುಂಡಮ್ಮನ ಲೋಟದ ಮುಂದೆ ನರ್ಸು, "ನಿನ್ನ ತಂಗಿ ಎಮ್ಮೆ ಮತ್ತೆ ಹೆಣ್ಣುಗರು ಹಾಕ್ತಂತೆ" ಎಂದಳು. ಹಾಲು ಒಡೆದು ನೀರು ಬೇರೆ, ಗಸಿ ಬೇರೆಯಾಯಿತು. ದುಂಡಮ್ಮ ಗಲಾಟೆ ಮಾಡಲಿಲ್ಲ. ಲೋಟವನ್ನು ಎತ್ತಿ, ಒಡೆದದ್ದನ್ನೇ ಕುಡಿದು, ಬಾಯೊರೆಸಿಕೊಂಡು ಎದ್ದಳು.

ಮೇಬಲಮ್ಮ ಓಡಾಡುತ್ತಿದ್ದರು. "ಅರ್ಧ ನಿಂತಿವೆ. ಸರಿಯಾಗಿ ಅರ್ಧ. ಟ್ರಯಲ್ ನಿಲ್ಲಿಸಲ್ಲ, ಕೊನೆ ತನಕ ನಡೆಸ್ತೀವಿ." ದುಂಡಮ್ಮ ಅಲ್ಲೇ ಬಾಗಿಲಲ್ಲಿ ನಿಂತು, "ಅಂದ್ರೆ ಕೊನೇಲಿ ನಂಗೂ ಸಿಕ್ತದಾ ತಾಯಿ?" ಎಂದು ಕೇಳಿದಳು. "ಎಲ್ರಿಗೂ" ಎಂದರು ಮೇಬಲಮ್ಮ. ಆಮೇಲೆ ನನ್ನ ಹೆಗಲು ತಟ್ಟಿ, "ನಿಮ್ಮ ಕೈಗೆ ಬಂದ ದಿನವೇ ಕೆಲಸ ಮಾಡ್ತು ನೋಡಿ. ಒಂದು ಬಾಟಲಿಯೂ ಹೆಚ್ಚುಕಮ್ಮಿ ಆಗಿಲ್ಲ. ಇಂದ್ರಾಣಿಗಿಂತ ನೀವೇ ಚುರುಕು" ಎಂದರು. ಈ ಮಾತನ್ನು ನಾನು ಒಂದಕ್ಷರವೂ ಉಬ್ಬಿಸಿಲ್ಲ. ಇದೊಂದನ್ನು ಉಬ್ಬಿಸುವ ಅಗತ್ಯವೇ ಇಲ್ಲ.

ಸಂಜೆ ಮನೆಗೆ ಹೋದರೆ ಇಂದ್ರಾಣಿ ಒಲೆಯ ಮುಂದೆ ನಿಂತು ಹಾಲು ಕಾಯಿಸುತ್ತಿದ್ದಳು. ಟವೆಲು ಕಿಟಕಿಯ ಸರಳಿಗೆ ನೇತಾಡುತ್ತಿತ್ತು. ಕೆನ್ನೆಗಳು ಎಂದಿನ ಹಾಗೇ ಇದ್ದವು. ಕಿಟಕಿಯ ಕಟ್ಟೆಯ ಮೇಲೆ ಒದ್ದೆ ಹತ್ತಿಯ ಎರಡು ಉಂಡೆ.

"ಇದೇನಾ ಮಂಗನಬಾವು?"

"ಹೂಂ. ವಾಸಿಯಾಯ್ತು" ಎಂದಳು. ಆಮೇಲೆ ನನ್ನ ಕಡೆ ತಿರುಗದೆಯೇ, "ಕಾಗದ ನೋಡಿದ್ರಾ?" ಎಂದು ಕೇಳಿದಳು. ನೋಡಿದೆ ಎಂದೆ. "ಹಾಗಾದ್ರೆ ಈಗ ಹೇಳಬಹುದು. ನಿಜದ್ದು ಕುಡಿದೋರ ಲೋಟಾನೂ ಒಡೀತಿದ್ವು ರೀ. ಯಾಕೆ ಅಂತ ತಲೆ ಕೆಟ್ಟು ಹೋಗಿತ್ತು. ನೀವು ಹಲ್ಲು ಕೀಳಿಸ್ಕೊಂಡ ಗುರುವಾರ ಒಂದಿನ ಮಾತ್ರ ಸರಿಯಾಗಿ ನಿಂತ್ವು. ಆಮೇಲೆ ಕ್ಯಾಂಟೀನಲ್ಲಿ ನೀವೇ ಬಾಯ್ಬಿಟ್ಟು ಹೇಳಿದ್ರಿ. ಮೇಬಲಮ್ಮನಿಗೆ ಹೇಳೋಣ ಅಂದ್ರೆ ಯಾರ ಲೋಟ ನಿಲ್ಲಬೇಕಿತ್ತು ಅಂತ ಹೇಳಿದ ಹಾಗಾಗುತ್ತೆ. ನಿಮಗೆ ಹೇಳೋಣ ಅಂದ್ರೆ ಊರಿಗೇ ಹೇಳಿದ ಹಾಗಾಗುತ್ತೆ. ಅದಕ್ಕೇ ಕೀಲೀನೇ ಕೊಟ್ಟುಬಿಟ್ಟೆ."

ನಾನು ಮಣೆ ಎಳೆದುಕೊಂಡು ಕೂತೆ. ಮೂರು ಗೋಡೆ. ನಾನು ಬಾಯಿಗೆ ಬಂದಂತೆ ಕೊಚ್ಚಿಕೊಂಡದ್ದರಲ್ಲಿ ಒಂದಾದರೂ ನಿಜವಾಗಿದ್ದರೆ ಅದು ಆ ಗೋಡೆಗಳನ್ನು ದಾಟಿದ, ಹೆಂಡತಿಯ ಮೇಲಿನ ನನ್ನ ಹೊಟ್ಟೆಕಿಚ್ಚು. ಊರಿಗೆ ಹೇಳಿಕೊಂಡರೆ ಯಾರೂ ನಂಬುವುದಿಲ್ಲ, ಆ ದುಃಖ ಬೇರೆ. ಮಾತು ತಿರುಗಿಸಲು, ಮೇಬಲಮ್ಮ ಹೇಳಿದ್ದನ್ನು ಹೇಳಿದೆ. ಅರ್ಧ ಲೋಟಗಳು ನಿಂತದ್ದು, ಹೆಗಲು ತಟ್ಟಿದ್ದು, ಕೊನೆಗೆ, "ಇಂದ್ರಾಣಿಗಿಂತ ನೀವೇ ಚುರುಕು ಅಂದ್ರು" ಎಂದೆ.

ಒಲೆಯ ಮೇಲೆ ಹಾಲು ಟಪ್ಪೆಂದು ಒಡೆಯಿತು.

ಇಬ್ಬರೂ ಪಾತ್ರೆಯನ್ನು ನೋಡಿದೆವು. ನಾನು ನನ್ನ ಹೊಟ್ಟೆಯೊಳಗೆ ಹುಡುಕಿ ನೋಡಿದೆ. ಒಂದು ಕಿಡಿಯೂ ಇರಲಿಲ್ಲ, ಬೆಳಗಿನಿಂದ ಇರಲಿಲ್ಲ. ಇಂದ್ರಾಣಿಯ ಕಿವಿಯ ತುದಿ ಕೆಂಪಾಗಿತ್ತು.

"ಪಕ್ಕದ ಮನೆಯವರು ಸೋಫಾ ತಂದ್ರಂತೆ" ಎಂದಳು.

ನಾನು ನಗಲಿಲ್ಲ, ನಕ್ಕಿದ್ದರೆ ಈ ಕಥೆ ಹೇಳಲು ಉಳಿಯುತ್ತಿರಲಿಲ್ಲ. ಅವಳು ಒಲೆ ಆರಿಸಿ, ಒಡೆದ ಹಾಲಿಗೆ ಬೆಲ್ಲ ಕೆರೆದು ಹಾಕಿ, ಎರಡು ಬಟ್ಟಲಿಗೆ ಹಂಚಿದಳು. ತಿನ್ನುತ್ತ, "ದುಂಡಮ್ಮ ಕೇಳಿದ್ಲಾ?" ಎಂದಳು. ಕೇಳಿದಳು ಎಂದೆ. "ಏನಂದ್ರಿ?" ಗೊತ್ತಿಲ್ಲ ಅಂದೆ ಎಂದೆ. ಅವಳು ಚಮಚವನ್ನು ಬಟ್ಟಲಿನಲ್ಲಿ ತಿರುವುತ್ತ, "ಕಷ್ಟ, ಅಲ್ವಾ" ಎಂದಳು. ಆಮೇಲೆ ಅಂಗೈ ಚಾಚಿದಳು. ಕೀಲಿ ಕೊಟ್ಟೆ. ಕೊಡುವಾಗ ಬೆರಳುಗಳು ಸ್ವಲ್ಪ ಅಂಟಿಕೊಂಡವು, ಅವಳು ಬಿಡಿಸಿಕೊಂಡಳು.

ಅಲ್ಲಿಂದ ಮುಂದೆ ಗುರುವಾರ ಗುರುವಾರ ರಜಾ ಹಾಕಿ, ಕೆರೆಯಾಚೆಯ ಕಲ್ಲುದಿಬ್ಬದ ಮೇಲೆ ಕೂತು ಹೊಟ್ಟೆಕಿಚ್ಚು ಪಟ್ಟೆ. ಬಿಟ್ಟುಬಿಟ್ಟೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಲ್ಲಿನ ಕಳ್ಳಿಗಿಡಗಳ ಹಾಲೆಲ್ಲ ಒಡೆದು ಮೇಕೆಗಳು ಅದನ್ನು ಪನೀರಿನಂತೆ ಮೆಲ್ಲುತ್ತಿದ್ದವು. ವಾರ್ಡಿನಲ್ಲಿ ಲೋಟಗಳು ತಮ್ಮ ಪಾಡಿಗೆ ತಾವು ನಿಂತವು, ಒಡೆದವು. ಟ್ರಯಲ್ ಮುಗಿಯಿತು. ಎಲ್ಲರಿಗೂ ನಿಜದ ಮದ್ದು ಸಿಕ್ಕಿತು.

ದುಂಡಮ್ಮ ಮೊನ್ನೆ ನಮ್ಮ ಬಾಗಿಲಿಗೆ ಹಾಲು ತಂದಳು. ಎಮ್ಮೆ ಉಳಿಸಿಕೊಂಡಿದ್ದಾಳೆ. ತಂಗಿಯ ಜೊತೆಯಲ್ಲೇ, ಒಂದೇ ದಾರಿಯಲ್ಲಿ, ಇಬ್ಬರೂ ಹರಟೆ ಹೊಡೆದುಕೊಂಡು ಬಂದಿದ್ದರು. ನಾನೂ ಇಂದ್ರಾಣಿಯೂ ಹೊಸ್ತಿಲಲ್ಲಿ ನಿಂತಿದ್ದೆವು. ಹಿಂದಿನ ದಿನವಷ್ಟೇ ಮೇಬಲಮ್ಮ, ಜಿಪುಣತನಕ್ಕೆ ಒಂದು ಹೊಸ ಮದ್ದು ಬರುತ್ತದೆ, ಕೀಲಿ ಯಾರ ಕೈಗೆ ಎಂದು ಇನ್ನೂ ಯೋಚಿಸಿಲ್ಲ ಎಂದಿದ್ದರು. ದುಂಡಮ್ಮ ಅಳತೆಯ ಪಾವಿನಲ್ಲಿ ಹಾಲೆತ್ತಿದಳು. ಪಾವಿನಲ್ಲಿ ಹಾಲು ಒಡೆಯದೆ ನಿಂತಿತ್ತು, ಬೆಳ್ಳಗಿತ್ತು. ಅದು ನಮ್ಮ ಪಾತ್ರೆಗೆ ಇಳಿಯುತ್ತಿದ್ದ ಹಾಗೇ ಚೂರುಚೂರಾಗಿ ಒಡೆಯಿತು.

ದುಂಡಮ್ಮ ನನ್ನ ಮುಖ ನೋಡಿದಳು, ಇಂದ್ರಾಣಿಯ ಮುಖ ನೋಡಿದಳು.

"ಯಾರ್ದಪ್ಪ ಇದು, ಮಂಚಣ್ಣಂದಾ, ಇಂದ್ರಕ್ಕಂದಾ?"

"ಗೊತ್ತಿಲ್ಲ ದುಂಡಕ್ಕ" ಎಂದೆವು, ಇಬ್ಬರೂ ಒಟ್ಟಿಗೆ.